ಥಂಡಿಯೋ, ಏರೋ? ಮುಂಜಾನೆ ಚಾಲೂ ಆಗದ ಒಂದು ಡೀಸೆಲ್ ಕಾರಿನ ಪ್ರಕರಣ

ಬೆಳಗಾವಿಯಲ್ಲಿ ನವೆಂಬರ್ ಬಂತೆಂದರೆ ಗ್ಯಾರೇಜುಗಳಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: "ಮುಂಜಾನೆ ಥಂಡ್ಯಾಗ ಗಾಡಿ ಚಾಲೂ ಆಗವಲ್ದು." ಊರು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ 13–14 ಡಿಗ್ರಿ ಸಾಮಾನ್ಯ, ಕೆಲವು ದಿನ ಇನ್ನೂ ಕೆಳಗೆ ಹೋಗುತ್ತದೆ. ಹಾಗಾಗಿ ಜಾಸ್ತಿ ಯೋಚಿಸದೆ ಎಲ್ಲರೂ ತಪ್ಪನ್ನು ಥಂಡಿಯ ತಲೆಗೆ ಕಟ್ಟುತ್ತಾರೆ. ಉದ್ಯಮಬಾಗದ ನಮ್ಮ ಗ್ಯಾರೇಜಿಗೆ ಬಂದ ಈ ಕಾರಿನ ವಿಷಯದಲ್ಲೂ ಹಾಗೇ ಆಗಿತ್ತು. ನಮ್ಮ ಹತ್ತಿರ ಬರುವಷ್ಟರಲ್ಲಿ ಥಂಡಿಯ ಹೆಸರಲ್ಲಿ ಸಾಕಷ್ಟು ದುಡ್ಡು ಹೋಗಿತ್ತು. ಇದನ್ನು ಪೂರ್ತಿಯಾಗಿ ಬರೆಯುವುದಕ್ಕೆ ಕಾರಣವೂ ಅದೇ. ಇಂಥ ಗಾಡಿ ಬಹಳ ಜನರ ಹತ್ತಿರ ಇದೆ.

ಕಾರು 2014ರ ಮಾಡೆಲ್. 1.5 ಲೀಟರ್ ಡೀಸೆಲ್, ಕಾಮನ್ ರೇಲ್ ಎಂಜಿನ್ (ರೇಲ್ ಎಂಬ ಒಂದೇ ಹೈ ಪ್ರೆಷರ್ ಪೈಪಿನಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹೋಗುವಂಥದ್ದು), ಸುಮಾರು 1.3 ಲಕ್ಷ ಕಿಲೋಮೀಟರ್ ಓಡಿದೆ. ಮಾಲೀಕರ ಮನೆ ಗಣೇಶಪುರದ ಕಡೆ, ಕೆಲಸ ಬೈಲಹೊಂಗಲದಲ್ಲಿ. ಮುಂಜಾನೆ ಬೇಗ ಮನೆ ಬಿಡುತ್ತಾರೆ, ಸಂಜೆ ವಾಪಸ್ ಬರುತ್ತಾರೆ. ಮುಂಜಾನೆ ಕೀಲಿ ತಿರುಗಿಸಿದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹತ್ತುವುದಿಲ್ಲ. ಬಿಟ್ಟು ಬಿಟ್ಟು ಹೊಡೆದಮೇಲೆ ಒಮ್ಮೆ ಹತ್ತುತ್ತದೆ, ಸ್ವಲ್ಪ ಹೊತ್ತು ತಡವರಿಸಿ ನಡುಗುತ್ತದೆ, ಆಮೇಲೆ ಸರಿ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ತಕ್ಷಣ ಚಾಲೂ. ಆಫೀಸಿನ ಮುಂದೆ ಇಡೀ ದಿನ ನಿಂತಿದ್ದರೂ ಸಂಜೆ ಒಂದೇ ಹೊಡೆತಕ್ಕೆ ಚಾಲೂ. ಪಿಕಪ್ ಕಡಿಮೆಯಾಗಿಲ್ಲ, ಮೈಲೇಜ್ ಸರಿಯಿದೆ, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಇಲ್ಲ.

ಇಷ್ಟು ಕೇಳಿದ ಯಾರಾದರೂ ಹೇಳುವ ಮಾತು ಒಂದೇ: ಗ್ಲೋ ಪ್ಲಗ್ (ಸಿಲಿಂಡರಿನ ಒಳಗೆ ಕಾಯುವ ಕಡ್ಡಿ) ಹೋಗಿದೆ. ಮೊದಲು ನೋಡಿದ ಮಿಸ್ತ್ರಿಯೂ ಅದನ್ನೇ ಹೇಳಿ ನಾಲ್ಕೂ ಹೊಸದು ಹಾಕಿದ್ದರು. ಸರಿಹೋಗಲಿಲ್ಲ. ಹೊಸ ಬ್ಯಾಟರಿ ಬಂತು. ಸೆಲ್ಫ್ ಸ್ವಲ್ಪ ಜೋರಾಗಿ ತಿರುಗಿತು, ಎಂಜಿನ್ ಮಾತ್ರ ಹತ್ತಲಿಲ್ಲ. ಆಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಕೊಲ್ಹಾಪುರಕ್ಕೆ ಕಳಿಸಬೇಕು ಎಂಬ ಮಾತು ಶುರುವಾಯಿತು. ಅಲ್ಲಿ ಮಾಲೀಕರು ಗಾಬರಿಯಾಗಿ ನಮ್ಮ ಹತ್ತಿರ ಬಂದರು.

ಸ್ಕ್ಯಾನರ್ ಹಾಕುವುದಕ್ಕಿಂತ ಮೊದಲು ನಾವು ಕೇಳಿದ್ದು ಒಂದು ಪ್ರಶ್ನೆ. ಗಾಡಿಗೆ ತ್ರಾಸ ಆಗುತ್ತಿರುವುದು ಥಂಡಿಯಿಂದಲೋ, ಬಹಳ ಹೊತ್ತು ನಿಂತಿದ್ದರಿಂದಲೋ? ಮುಂಜಾನೆ ಇವೆರಡೂ ಒಟ್ಟಿಗೆ ಬರುತ್ತವೆ. ರಾತ್ರಿಯಿಡೀ ಗಾಡಿ ತಣ್ಣಗಾಗುತ್ತದೆ, ರಾತ್ರಿಯಿಡೀ ನಿಂತೂ ಇರುತ್ತದೆ. ಎರಡನ್ನೂ ಬೇರೆ ಮಾಡದೆ ಸ್ಪ್ಯಾನರ್ ಹಿಡಿದರೆ ಬರೀ ಅಂದಾಜಿನ ಕೆಲಸವಾಗುತ್ತದೆ. ಥಂಡಿಯಿಂದ ಎಂದಾದರೆ ಗ್ಲೋ ಪ್ಲಗ್, ಅದರ ರಿಲೇ, ಕಂಪ್ರೆಷನ್, ಬ್ಯಾಟರಿ ನೋಡಬೇಕು. ನಿಂತಿದ್ದರಿಂದ ಎಂದಾದರೆ ಡೀಸೆಲ್ ಪೈಪಿನ ದಾರಿ ನೋಡಬೇಕು. ಎರಡೂ ಪೂರ್ತಿ ಬೇರೆ ಬೇರೆ ದಾರಿ.

"ಆಫೀಸಿನ ಮುಂದ ಇಡೀ ದಿನ ನಿಂತಿರತದಲ್ರಿ, ಸಂಜಿಗೆ ಒಂದ ಏಟಿಗೆ ಚಾಲೂ ಆಗತದ" ಎಂದರು ಮಾಲೀಕರು. ಅಂದರೆ ಥಂಡಿಯದ್ದೇ ಕಾರಣ ಎಂಬುದು ಅವರ ಲೆಕ್ಕ. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಆದರೂ ಇನ್ನೊಂದು ಕೇಳಿದೆವು: ರಜೆಯ ದಿನ ಗಾಡಿ ಮನೆಯಲ್ಲೇ ನಿಂತು, ಬಿಸಿಲು ಕಾದು, ಸಂಜೆ ಹೊರಗೆ ತೆಗೆದಾಗ ಹೇಗಿರುತ್ತದೆ? ಅವರು ಸ್ವಲ್ಪ ಯೋಚಿಸಿದರು. "ಹೌದ್ರಿ, ಐತವಾರ ಸಂಜಿಕೂ ತ್ರಾಸ ಕೊಟ್ಟಿತ್ತು. ಅದನ್ನ ಮರತ ಬಿಟ್ಟಿದ್ದೆ."

ಈ ಒಂದು ಮಾತು ಪ್ರಕರಣದ ದಿಕ್ಕನ್ನೇ ಬದಲಿಸಿತು. ಬೆಳಗಾವಿಯಲ್ಲಿ ಚಳಿಗಾಲದಲ್ಲೂ ಸಂಜೆ ಹೊತ್ತಿಗೆ ಹವೆ ಬೆಚ್ಚಗೇ ಇರುತ್ತದೆ. ಆ ಹೊತ್ತಿನಲ್ಲಿ ಗ್ಲೋ ಪ್ಲಗ್ ನೆಪ ನಡೆಯುವುದಿಲ್ಲ. ಹಾಗಿದ್ದರೆ ಮನೆಯಲ್ಲಿ ನಿಂತಾಗ ತ್ರಾಸ, ಆಫೀಸಿನಲ್ಲಿ ನಿಂತಾಗ ಇಲ್ಲ. ಎರಡು ಜಾಗಕ್ಕೂ ಏನು ವ್ಯತ್ಯಾಸ?

ಥಂಡಿಯ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ. ಸಿಲಿಂಡರಿನ ಒಳಗೆ ಗಾಳಿಯನ್ನು ಒತ್ತಿದಾಗ ಅದು ನಾಲ್ಕೈನೂರು ಡಿಗ್ರಿವರೆಗೆ ಕಾಯುತ್ತದೆ, ಅದಕ್ಕೆ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಎಂಜಿನ್ ತೀರಾ ತಣ್ಣಗಿದ್ದಾಗ ಸಿಲಿಂಡರಿನ ಗೋಡೆ ಆ ಬಿಸಿಯನ್ನು ಹೀರಿಕೊಳ್ಳುತ್ತದೆ, ಆಗ ಗ್ಲೋ ಪ್ಲಗ್ ಸಹಾಯಕ್ಕೆ ಬರುತ್ತದೆ. ಆದರೆ ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಈಗಿನ ಕಾಮನ್ ರೇಲ್ ಎಂಜಿನ್ ಆರೋಗ್ಯವಾಗಿದ್ದರೆ, 13 ಡಿಗ್ರಿಯಲ್ಲಿ ಗ್ಲೋ ಪ್ಲಗ್ ಒಂದೆರಡು ಸತ್ತಿದ್ದರೂ ಚಾಲೂ ಆಗುತ್ತದೆ. ಸ್ವಲ್ಪ ನಡುಗಬಹುದು, ಬಿಳಿ ಹೊಗೆ ಬಿಡಬಹುದು, ಆದರೆ ಹತ್ತುತ್ತದೆ. ಮಾಲೀಕರು ಹಳೆಯ ನಾಲ್ಕು ಗ್ಲೋ ಪ್ಲಗ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಮಲ್ಟಿಮೀಟರ್ ಹಿಡಿದು ನೋಡಿದೆವು. ಮೂರು ಸರಿಯಿದ್ದವು, ಒಂದು ಓಮ್ ಆಸುಪಾಸು ತೋರಿಸಿದವು. ಒಂದು ಮಾತ್ರ ಓಪನ್, ಅಂದರೆ ಒಳಗೆ ಕರೆಂಟ್ ಹರಿಯುವ ದಾರಿ ಕಡಿದಿತ್ತು. ಅಂದರೆ ಒಂದನ್ನು ಬದಲಿಸಬೇಕಾಗಿದ್ದು ನಿಜ. ಆದರೆ ಆ ಒಂದರಿಂದ ಇಷ್ಟು ತ್ರಾಸ ಆಗುವುದಿಲ್ಲ.

ಚಳಿಗೆ ಡೀಸೆಲ್ ಗಟ್ಟಿಯಾಗಿರಬಹುದು ಎಂದೂ ಒಬ್ಬರು ಹೇಳಿದ್ದರಂತೆ. ನಮ್ಮ ದೇಶದ ಡೀಸೆಲ್ಲಿಗೆ ಐಎಸ್ 1460 ಎಂಬ ಮಾನದಂಡ ಇದೆ. ಅದರ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೆ ಫಿಲ್ಟರ್ ಕಟ್ಟಿಸದೆ ಹರಿಯಬೇಕು. ಲಡಾಖಿನಲ್ಲಿ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗುವ ಚಿಂತೆ ಮಾಡಬೇಕು. ಗಣೇಶಪುರದಲ್ಲಿ ಬೇಡ.

ಇನ್ನು ಇಂಜೆಕ್ಟರ್. ಸವೆದ ಇಂಜೆಕ್ಟರ್ ಅಥವಾ ಸವೆದ ಹೈ ಪ್ರೆಷರ್ ಪಂಪ್ ಸಾಮಾನ್ಯವಾಗಿ ಬಿಸಿ ಎಂಜಿನ್ನಿನಲ್ಲಿ ಜಾಸ್ತಿ ಕಾಡುತ್ತದೆ. ಡೀಸೆಲ್ ಕಾದರೆ ತೆಳುವಾಗುತ್ತದೆ, ಸಂದಿನಿಂದ ಜಾಸ್ತಿ ಸೋರುತ್ತದೆ, ರೇಲಿನಲ್ಲಿ ಪ್ರೆಷರ್ ನಿಲ್ಲುವುದಿಲ್ಲ. ಈ ಗಾಡಿ ಬಿಸಿ ಇದ್ದಾಗ ಚಕ್ಕನೆ ಚಾಲೂ ಆಗುತ್ತಿತ್ತು. ಹಾಗಾಗಿ ಇಂಜೆಕ್ಟರ್ ಬಿಚ್ಚುವ ಮಾತನ್ನು ಮೊದಲ ದಿನವೇ ಪಕ್ಕಕ್ಕೆ ಇಟ್ಟೆವು. ಆಮೇಲೆ ಖಾತ್ರಿಗೆಂದು ನಾಲ್ಕಕ್ಕೂ ಬಾಟಲಿ ಕಟ್ಟಿ ರಿಟರ್ನ್ ಡೀಸೆಲ್ (ಇಂಜೆಕ್ಟರಿನಿಂದ ವಾಪಸ್ ಹೋಗುವ ಡೀಸೆಲ್) ಅಳೆದೆವು. ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟ.

ಸೈಲೆನ್ಸರ್ ಬಾಯಿ ಹೇಳಿದ್ದು

ಮುಂಜಾನೆಯ ದೂರನ್ನು ಮುಂಜಾನೆಯೇ ನೋಡಬೇಕು. ಗ್ಯಾರೇಜಿಗೆ ಓಡಿಸಿಕೊಂಡು ಬಂದ ಗಾಡಿಯಲ್ಲಿ ಆ ರೋಗ ಇರುವುದೇ ಇಲ್ಲ. ಹಾಗಾಗಿ ನಾವೇ ಬೆಳಕು ಹರಿಯುವ ಮೊದಲು ಅವರ ಮನೆಗೆ ಹೋದೆವು. ಒಬ್ಬರು ಕೀಲಿ ತಿರುಗಿಸಿದರು, ಒಬ್ಬರು ಹಿಂದೆ ಟಾರ್ಚ್ ಹಿಡಿದು ಸೈಲೆನ್ಸರ್ ಹತ್ತಿರ ಕುಳಿತರು, ನಾನು ಸ್ಕ್ಯಾನರ್ ನೋಡುತ್ತಿದ್ದೆ.

ಸೆಲ್ಫ್ ತಿರುಗುತ್ತಿದೆ. ಹೊಗೆ ಇಲ್ಲ. ಬಿಳಿ ಇಲ್ಲ, ಕಪ್ಪು ಇಲ್ಲ, ವಾಸನೆಯೂ ಇಲ್ಲ.

ಇದು ದೊಡ್ಡ ಸುಳಿವು. ಗ್ಲೋ ಪ್ಲಗ್ ಅಥವಾ ಕಂಪ್ರೆಷನ್ ದೋಷವಾಗಿದ್ದರೆ ಡೀಸೆಲ್ ಸಿಲಿಂಡರಿಗೆ ಬರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಸುಡದ ಆ ಡೀಸೆಲ್ ಬಿಳಿ ಹೊಗೆಯಾಗಿ ಹಿಂದೆ ಬರುತ್ತದೆ, ಕಣ್ಣು ಉರಿಯುವಷ್ಟು. ಹೊಗೆಯೇ ಇಲ್ಲ ಎಂದರೆ ಡೀಸೆಲ್ ಸಿಲಿಂಡರನ್ನು ಮುಟ್ಟೇ ಇಲ್ಲ. ಬೆಂಕಿ ಹೊತ್ತದಿರುವುದು ಬೇರೆ, ಒಲೆಗೆ ಕಟ್ಟಿಗೆಯೇ ಇಡದಿರುವುದು ಬೇರೆ, ಅಲ್ವಾ? ಈ ಪರೀಕ್ಷೆಗೆ ಸ್ಕ್ಯಾನರ್ ಬೇಡ, ದುಡ್ಡು ಬೇಡ. ಮನೆಯಲ್ಲಿ ಯಾರಾದರೂ ಹಿಂದೆ ನಿಂತು ನೋಡಿದರೆ ಸಾಕು.

ಸ್ಕ್ಯಾನರ್ ಕೂಡ ಅದನ್ನೇ ಹೇಳಿತು. ಕಾಮನ್ ರೇಲ್ ಗಾಡಿಯಲ್ಲಿ ರೇಲಿನ ಪ್ರೆಷರ್ ಒಂದು ಮಟ್ಟಕ್ಕೆ, ಸುಮಾರು 200 ಬಾರ್ ಹತ್ತಿರಕ್ಕೆ, ಬರುವವರೆಗೆ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದಿಲ್ಲ. ಈ ಮಟ್ಟ ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆ. ಇಲ್ಲಿ ಸೆಲ್ಫ್ ತಿರುಗುತ್ತಿದ್ದರೂ ಪ್ರೆಷರ್ ಎಷ್ಟೋ ಹೊತ್ತು 100 ಬಾರ್ ಕೂಡ ಮುಟ್ಟಲಿಲ್ಲ. ಆಮೇಲೆ ಒಮ್ಮೆಲೇ ಮೇಲೆ ಹಾರಿತು, ಎಂಜಿನ್ ಹತ್ತಿತು. ಪ್ರೆಷರ್ ಹೀಗೆ ಹಾರುವುದು ಪಂಪಿಗೆ ಗಾಳಿ ಮುಗಿದು ಡೀಸೆಲ್ ಸಿಕ್ಕಿದಾಗ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಮಾತ್ರ ಒಂದೂ ಇರಲಿಲ್ಲ. ಕೋಡ್ ಇಲ್ಲ ಎಂದರೆ ದೋಷ ಇಲ್ಲ ಎಂದಲ್ಲ. ಕಂಪ್ಯೂಟರಿಗೆ ತಪ್ಪೆಂದು ಕಾಣುವ ಅಳತೆ ಸಿಕ್ಕಿಲ್ಲ ಎಂದಷ್ಟೇ.

ಅದೇ ಮುಂಜಾನೆ ಮಲ್ಟಿಮೀಟರಿನಲ್ಲಿ ಇನ್ನೊಂದು ಚಿಕ್ಕ ದೋಷ ಸಿಕ್ಕಿತು. ಬ್ಯಾಟರಿಯ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ವೋಲ್ಟೇಜ್ ಇಳಿತ ಅಳೆದರೆ, ಸೆಲ್ಫ್ ತಿರುಗುವಾಗ 0.7 ವೋಲ್ಟ್. ಇದು 0.2–0.3 ದಾಟಬಾರದು. ಅರ್ಥಿಂಗ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಬಿಚ್ಚಿ, ಉಜ್ಜಿ, ಕಟ್ಟಿದೆವು. ಸೆಲ್ಫ್ ಚುರುಕಾಯಿತು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಇದನ್ನು ನೋಡಬೇಕಾಗಿತ್ತು. ಆದರೆ ಮೂಲ ರೋಗ ಇದಲ್ಲ, ಮರುದಿನ ಮುಂಜಾನೆಯೂ ಗಾಡಿ ತಡವಾಗಿಯೇ ಹತ್ತಿತು.

ಮನೆಯ ರ‍್ಯಾಂಪು

ಅವತ್ತು ಮುಂಜಾನೆಯೇ ಮನೆಗೂ ಆಫೀಸಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಹಾಗೆ ಅವರ ಮನೆಯ ಪಾಯವೂ ರಸ್ತೆಗಿಂತ ಎತ್ತರ. ಗೇಟಿನಿಂದ ಪೋರ್ಚಿಗೆ ಕಾಂಕ್ರೀಟಿನ ರ‍್ಯಾಂಪು. ಪೋರ್ಚಿನಲ್ಲಿ ಎರಡು ಬೈಕು ನಿಂತಿರುವುದರಿಂದ ಕಾರು ರ‍್ಯಾಂಪಿನ ಮೇಲೆಯೇ ನಿಲ್ಲುತ್ತದೆ. ಅವರು ಯಾವಾಗಲೂ ನೇರವಾಗಿ ಏರಿಸಿ ನಿಲ್ಲಿಸುತ್ತಾರೆ, ಮೂತಿ ಮೇಲೆ, ಡಿಕ್ಕಿ ಕೆಳಗೆ. ಬೈಲಹೊಂಗಲದಲ್ಲಿ ಹೇಗೆ ನಿಲ್ಲಿಸುತ್ತೀರಿ ಎಂದು ಕೇಳಿದರೆ, ಅಲ್ಲಿನ ಅಂಗಳ ರಸ್ತೆಗಿಂತ ತಗ್ಗು, ಮೂತಿ ಕೆಳಗಿರುತ್ತದೆ ಎಂದರು.

ಈ ಗಾಡಿಯ ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇಲ್ಲ. ಎಂಜಿನ್ನಿಗೆ ಕೂಡಿಸಿದ ಪಂಪೇ ಹಿಂದಿನ ಟ್ಯಾಂಕಿನಿಂದ ಡೀಸೆಲ್ಲನ್ನು ಹೀರಿಕೊಳ್ಳುತ್ತದೆ. ದಾರಿಯಲ್ಲಿ ಫಿಲ್ಟರ್ ಇದೆ. ಎಂಜಿನ್ ಬಂದ್ ಆದಾಗ ಪೈಪಿನ ತುಂಬ ಡೀಸೆಲ್ ನಿಂತಿರಬೇಕು. ಪೈಪಿಗೆ ಮೇಲಿನಿಂದ ಗಾಳಿ ಸೇರದಿದ್ದರೆ ಅದು ಕೆಳಗೆ ಇಳಿಯುವುದಿಲ್ಲ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಗಾಳಿ ಒಳಗೆ ಹೋದರೆ ಸಾಕು, ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಜಾರುತ್ತದೆ. ಎಂಜಿನ್ ಮೇಲಿದ್ದು ಟ್ಯಾಂಕ್ ಕೆಳಗಿದ್ದಷ್ಟೂ ಆ ಎಳೆತ ಜಾಸ್ತಿ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಾದಷ್ಟೂ ಜಾಸ್ತಿ. ಟ್ಯಾಂಕ್ ತುಂಬಿಸಿದ ಮರುದಿನ ಗಾಡಿ ಕೊಂಚ ಬೇಗ ಹತ್ತುತ್ತಿತ್ತೇ ಎಂದು ಕೇಳಿದಾಗ ಮನೆಯವರೇ ಹೌದು ಎಂದರು. ಅವರು ಅದನ್ನು ಒಳ್ಳೆಯ ಬಂಕಿನ ಡೀಸೆಲ್ಲಿನ ಗುಣ ಎಂದುಕೊಂಡಿದ್ದರು.

ಟ್ರ್ಯಾಕ್ಟರ್ ಇಟ್ಟವರಿಗೆ ಇದು ಹೊಸದಲ್ಲ. ಕಬ್ಬಿನ ಸೀಜನ್ನಿನಲ್ಲಿ ಹೊಲದಲ್ಲಿ ನಿಂತ ಟ್ರ್ಯಾಕ್ಟರ್ "ಏರ್ ಹಿಡದೈತಿ" ಎಂದು ನಟ್ಟು ಸಡಿಲಿಸಿ ಏರ್ ತೆಗೆಯುವುದನ್ನು ನಮ್ಮ ಹಳ್ಳಿಯ ಹುಡುಗರೂ ಬಲ್ಲರು. ಕಾರಿನಲ್ಲೂ ಅದೇ ಏರ್. ಮೇಲೊಂದು ಪ್ಲಾಸ್ಟಿಕ್ ಕವರ್, ಒಂದಿಷ್ಟು ವೈರು ಇರುವುದರಿಂದ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ಪರೀಕ್ಷೆ ಸರಳವಾಗಿತ್ತು. ಮರುದಿನ ರಾತ್ರಿ ಗಾಡಿಯನ್ನು ಅದೇ ರ‍್ಯಾಂಪಿನ ಮೇಲೆ ರಿವರ್ಸ್ ಏರಿಸಿ ನಿಲ್ಲಿಸಿ, ಮೂತಿ ಕೆಳಗಿರಲಿ, ಟ್ಯಾಂಕ್ ಫುಲ್ ಮಾಡಿಸಿ ಎಂದೆವು. ಅದೇ ಜಾಗ, ಅದೇ ಥಂಡಿ, ಅಷ್ಟೇ ಹೊತ್ತು ನಿಲುಗಡೆ. ಮುಂಜಾನೆ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿತು. ಥಂಡಿಯ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಅಷ್ಟೇ ಅಲ್ಲ, ಗಾಳಿ ಸೇರುವ ಜಾಗವನ್ನೂ ಗಾಡಿ ತೋರಿಸಿಕೊಟ್ಟಿತು. ಮೂತಿ ಕೆಳಗಾಗಿ ಟ್ಯಾಂಕ್ ತುಂಬಿದ್ದರಿಂದ ಡೀಸೆಲ್ಲಿನ ಮಟ್ಟ ಫಿಲ್ಟರಿಗಿಂತ ಕೊಂಚ ಮೇಲೆ ಬಂದಿತ್ತು. ಉಳಿದ ದಿನ ಗಾಳಿಯನ್ನು ಒಳಗೆ ಎಳೆಯುತ್ತಿದ್ದ ಸಂದು ಅವತ್ತು ಡೀಸೆಲ್ಲನ್ನು ಹೊರಗೆ ಬಿಟ್ಟಿತ್ತು. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಪ್ಲಾಸ್ಟಿಕ್ ಕ್ಲಿಪ್ ಸುತ್ತ ಬೆರಳಾಡಿಸಿದರೆ ತೇವ. ಬೆರಳು ಮೂಸಿದರೆ ಡೀಸೆಲ್. ಹನಿ ಬೀಳುವಷ್ಟು ಇರಲಿಲ್ಲ, ಧೂಳು ಕಪ್ಪಗೆ ಅಂಟುವಷ್ಟು ಇತ್ತು. ಹೀರುವ ಪೈಪಿನಲ್ಲಿ ಇರುವ ತೊಡಕೇ ಇದು. ಎಂಜಿನ್ ಓಡುವಾಗ ಸೋರಿಕೆ ಹೊರಗೆ ಕಾಣುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಡೀಸೆಲ್ ಹುಡುಕಿದರೆ ಏನೂ ಸಿಗುವುದಿಲ್ಲ.

ಇನ್ನೂ ಖಾತ್ರಿ ಬೇಕಿತ್ತು. ಗಾಡಿಯನ್ನು ಮತ್ತೆ ಮೂತಿ ಮೇಲೆ ಮಾಡಿ ನಿಲ್ಲಿಸಿ, ಆ ಕ್ಲಿಪ್ಪಿಗೂ ಪಂಪಿಗೂ ನಡುವೆ ಡೀಸೆಲ್ ತಾಳಿಕೊಳ್ಳುವ ಪಾರದರ್ಶಕ ಪೈಪಿನ ತುಂಡು ಕೂಡಿಸಿದೆವು. ಸಂಜೆ ಪೈಪು ತುಂಬಿತ್ತು. ಮುಂಜಾನೆ ಪೂರ್ತಿ ಖಾಲಿ. ಒಳಗೋಡೆಗೆ ತೆಳುವಾದ ಹಳದಿ ಪಸೆ ಅಷ್ಟೇ. ಈ ಸಲ ಕೀಲಿ ತಿರುಗಿಸುವ ಮೊದಲು ಬಾನೆಟ್ ಕೆಳಗಿರುವ ರಬ್ಬರಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿದೆವು. ಪೈಪಿನಲ್ಲಿ ಗುಳ್ಳೆಗಳು ಓಡಿ ಡೀಸೆಲ್ ತುಂಬಿತು. ಕೀಲಿ ತಿರುಗಿಸಿದರೆ ರೇಲ್ ಪ್ರೆಷರ್ ನೇರವಾಗಿ ಏರಿತು, ಗಾಡಿ ಚಾಲೂ. ನಿಮ್ಮ ಗಾಡಿಗೂ ಇಂಥ ಕೈಪಂಪು ಇದ್ದು ಮುಂಜಾನೆ ತ್ರಾಸ ಕೊಡುತ್ತಿದ್ದರೆ, ಬೇರೇನೂ ಮಾಡುವ ಮೊದಲು ಇದೊಂದನ್ನು ಮಾಡಿ ನೋಡಿ. ಒತ್ತಿದಮೇಲೆ ಸಲೀಸಾಗಿ ಹತ್ತಿದರೆ ಗ್ಲೋ ಪ್ಲಗ್ ಕೊಳ್ಳಲು ಹೋಗಬೇಡಿ.

ದಯವಿಟ್ಟು ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಈಥರ್ ಇರುವ ಸ್ಪ್ರೇ ಕೆಂಪಗೆ ಕಾದ ಗ್ಲೋ ಪ್ಲಗ್ಗಿಗೆ ತಾಗಿದರೆ ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗ್ ಮುರಿದ ಎಂಜಿನ್ ಬಿಚ್ಚಿ ನೋಡಿದವರಿಗೆ ಆ ಸ್ಪ್ರೇ ಡಬ್ಬಿ ಕಂಡರೆ ಸಿಟ್ಟೇ ಬರುತ್ತದೆ. ಸೆಲ್ಫನ್ನೂ ಸುಮ್ನೆ ಒಂದೇ ಸಮನೆ ಹೊಡೆಯುತ್ತಾ ಕೂರಬೇಡಿ. 10 ಸೆಕೆಂಡಿಗೆ ನಿಲ್ಲಿಸಿ, ಅರ್ಧ ನಿಮಿಷ ಬಿಟ್ಟು ನೋಡಿ. ಈ ಗಾಡಿಯ ಸೆಲ್ಫ್ ಮೋಟಾರ್ ಉಳಿದದ್ದೇ ದೊಡ್ಡದು.

ಕ್ಲಿಪ್ ಬಿಚ್ಚಿದಾಗ ಒಳಗಿನ ಓ-ರಿಂಗ್ (ಸಂದು ಮುಚ್ಚುವ ರಬ್ಬರಿನ ಬಳೆ) ಸಿಕ್ಕಿತು. ಉಗುರಿನಿಂದ ಒತ್ತಿದರೆ ಬಾಗದಷ್ಟು ಗಟ್ಟಿಯಾಗಿತ್ತು. ಒಂದು ಬದಿಯಲ್ಲಿ ಸಣ್ಣ ಸೀಳು. ಒಣಗಿದ ರಿಂಗನ್ನು ಹಾಗೇ ಒತ್ತಿ ಕೂಡಿಸಿದಾಗ ಅಂಚಿಗೆ ತಾಗಿ ಕುಯ್ದುಕೊಂಡ ಗುರುತು ಅದು. ಸರ್ವಿಸ್ ಬಿಲ್ ತೆಗೆಸಿ ನೋಡಿದೆವು. ದೀಪಾವಳಿಗೆ ಊರಿಗೆ ಹೋಗುವ ಮುಂಚೆ ಬೇರೊಂದು ಕಡೆ ಡೀಸೆಲ್ ಫಿಲ್ಟರ್ ಬದಲಿಸಿದ್ದರು. ಹೊಸ ಫಿಲ್ಟರ್ ಬಂತು, ಹಳೆಯ ಓ-ರಿಂಗ್ ಹಾಗೇ ಉಳಿಯಿತು. ದೀಪಾವಳಿ ಮುಗಿಯಿತು, ಥಂಡಿ ಶುರುವಾಯಿತು, ಗಾಡಿಯ ತ್ರಾಸವೂ ಶುರುವಾಯಿತು. ಮೂರೂ ಒಂದರ ಹಿಂದೆ ಒಂದು ಬಂದಿದ್ದರಿಂದ ಎಲ್ಲರ ಕಣ್ಣೂ ಥಂಡಿಯ ಮೇಲೆ ಬಿತ್ತು. ಥಂಡಿ ಇದರಲ್ಲಿ ಪೂರ್ತಿ ನಿರಪರಾಧಿ ಎಂದು ನಾನು ಹೇಳುವುದಿಲ್ಲ. ಗಟ್ಟಿಯಾದ ರಬ್ಬರ್ ಚಳಿಗೆ ಇನ್ನಷ್ಟು ಬಿಗಿದು ಸಂದು ಬಿಡುತ್ತದೆ, ಚಳಿಯಲ್ಲಿ ಸೆಲ್ಫೂ ನಿಧಾನ. ಹಾಗಾಗಿ ಐತವಾರ ಸಂಜೆಗಿಂತ ಮುಂಜಾನೆಯ ತ್ರಾಸ ಜಾಸ್ತಿ ಇತ್ತು. ಆದರೆ ರಿಂಗ್ ಸರಿಯಿದ್ದರೆ ಈ ಊರಿನ ಚಳಿ ಆ ಎಂಜಿನ್ನಿಗೆ ಲೆಕ್ಕಕ್ಕೇ ಇಲ್ಲ.

ಓ-ರಿಂಗ್ ಹುಡುಕುವುದಕ್ಕೆ ನಮಗೆ ಕಷ್ಟವಾಗಲಿಲ್ಲ. ಬೆಳಗಾವಿ ಫೌಂಡ್ರಿಗಳ ಊರು, ಹೈಡ್ರಾಲಿಕ್ಸ್ ಊರು. ಉದ್ಯಮಬಾಗದಲ್ಲಿ ಎಲ್ಲ ಅಳತೆಯ ರಿಂಗ್ ಸಿಗುತ್ತದೆ. ಡೀಸೆಲ್ ಮತ್ತು ಬಿಸಿ ಎರಡನ್ನೂ ತಾಳುವ ವೈಟಾನ್ ರಿಂಗ್ ತಂದೆವು. ಸಾದಾ ರಬ್ಬರ್ ಹಾಕಿದರೆ ಡೀಸೆಲ್ಲಿಗೆ ಉಬ್ಬುತ್ತದೆ, ಮತ್ತೆ ಅದೇ ಕಥೆ. ಬೆಲೆ ಕೆಲವೇ ರೂಪಾಯಿ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಕ್ಲಿಪ್ಪಿನದ್ದನ್ನೂ ಅದೇ ಸಲ ಬದಲಿಸಿದೆವು, ಎರಡರ ವಯಸ್ಸೂ ಒಂದೇ. ಆಮೇಲೆ ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇರುವ ಒಂದು ರಾತ್ರಿ ಬೇಕೆಂದೇ ಮೂತಿ ಮೇಲೆ ಮಾಡಿ ನಿಲ್ಲಿಸಿದೆವು. ಮುಂಜಾನೆ ಪಾರದರ್ಶಕ ಪೈಪು ಸಂಜೆ ಇದ್ದಷ್ಟೇ ತುಂಬಿತ್ತು, ಕೀಲಿ ತಿರುಗಿಸುತ್ತಿದ್ದಂತೆ ಗಾಡಿ ಹತ್ತಿತು. ಪೈಪಿನ ತುಂಡನ್ನು ತೆಗೆದು ಮೊದಲಿನ ಪೈಪನ್ನೇ ಕೂಡಿಸಿದೆವು. ಪರೀಕ್ಷೆಯ ಪೈಪು ಎಂಜಿನ್ ಬಿಸಿಗೆ ಬೇಗ ಗಡುಸಾಗುತ್ತದೆ, ಅದನ್ನು ಕಾಯಂ ಬಿಡಬಾರದು.

ಮುಂದಿನ ಸಲ ಫಿಲ್ಟರ್ ಬದಲಿಸುವಾಗ ಮತ್ತೆ ಹೀಗೇ ಆದರೆ ಎಂಬುದು ಮಾಲೀಕರ ಚಿಂತೆ. ಅವರ ಸರ್ವಿಸ್ ಪುಸ್ತಕದಲ್ಲಿ ಫಿಲ್ಟರಿನ ಸಾಲಿನ ಪಕ್ಕ ಬರೆದುಕೊಟ್ಟೆವು: ಫಿಲ್ಟರ್ ಜೊತೆ ಎರಡೂ ಓ-ರಿಂಗ್ ಹೊಸದು ಹಾಕಬೇಕು, ಕೂಡಿಸುವ ಮೊದಲು ರಿಂಗಿಗೆ ಡೀಸೆಲ್ ಸವರಬೇಕು, ಕ್ಲಿಪ್ ಟಕ್ ಎಂದು ಕೂತಿದೆಯೇ ನೋಡಬೇಕು, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿಯೇ ಸೆಲ್ಫ್ ಹೊಡೆಯಬೇಕು.